ಜೀಗುಜ್ಜೆಯ ಬುಡ ಬಿಡಿಸಿದ್ದು

ಮರದ ಬೇರು ತೆಗೆಸುವುದಕ್ಕೆ ನನಗೆ ಬಿದ್ದದ್ದು ಹದಿನೆಂಟು ಸಾವಿರ ರೂಪಾಯಿ. ಅಗೆದವರ ಕೂಲಿ, ನೀರಿನ ಟಾಂಕಿಯ ಗೋಡೆಗೆ ಪ್ಲಾಸ್ಟರ್, ಮಣ್ಣು ಹೊತ್ತೊಯ್ದ ಟೆಂಪೋ ಎಲ್ಲ ಸೇರಿ. ಮೊದಲು ಕೇಳಿದ್ದು ಮೂವತ್ತು, ಇಳಿಸಿದವಳು ನಾನು. ಮರವನ್ನೇ ಕಡಿಸಿಬಿಟ್ಟಿದ್ದರೆ ನನ್ನ ಕೈಯಿಂದ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಖರ್ಚೆಲ್ಲ ತಮ್ಮದು ಎಂದು ನಮ್ಮ ಬಿಲ್ಡಿಂಗಿನ ಸೊಸೈಟಿಯವರೇ ಹೇಳಿದ್ದರು. ಪುಕ್ಕಟೆಯಾಗಿ ಮುಗಿಯುವ ಕೆಲಸಕ್ಕೆ ದುಡ್ಡು ಕೊಟ್ಟವಳಲ್ಲ ನಾನು. ಆದರೂ ಕೊಟ್ಟೆ. ನನ್ನ ಗಂಡನ ಕಿಟಕಿಯ ಹೊರಗೆ ಆ ಮರ ಇರಬೇಕಾಗಿತ್ತು, ಅದಕ್ಕಾಗಿ.

ನಾವಿರುವುದು ಠಾಕುರ್ಲಿಯಲ್ಲಿ, ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದ ಹಳೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ, ಹಿಂಬದಿಯ ಮನೆ. ನೋಡಲು ಬಂದವರೆಲ್ಲ ಬೇಡ ಎಂದು ಬಿಟ್ಟುಹೋದ ಮನೆ ಅದು. ಬೆಳಕಿಲ್ಲ, ಸೊಳ್ಳೆ, ಹಿಂದೆ ಕಂಪೌಂಡಿನವರೆಗೂ ಕಸ. ನನ್ನ ಲೆಕ್ಕ ಬೇರೆ ಇತ್ತು. ಅಡುಗೆ ಮಾಡಿ ಮಾರುವವಳಿಗೆ ಹಿಂದೊಂದು ಬಾಗಿಲು ಬೇಕು, ಪಾತ್ರೆ ತಿಕ್ಕಲು ಬಯಲು ಬೇಕು, ಬೆಳಿಗ್ಗೆ ಬೇಗ ಟೆಂಪೋ ಬಂದರೆ ಯಾರ ನಿದ್ದೆಯೂ ಕೆಡಬಾರದು. ಬ್ರೋಕರ್ ಹೊಗಳುವುದಕ್ಕೆ ಏನೂ ಸಿಗದೆ ಒದ್ದಾಡುತ್ತಿದ್ದಾಗ ನಾನು ಸೊಳ್ಳೆಗಳನ್ನೇ ತೋರಿಸಿ ಬೆಲೆ ಇಳಿಸಿದೆ. ಮನೆ ಕೊಳ್ಳುವವರು ನೆನಪಿಡಬೇಕಾದದ್ದು ಅಷ್ಟೇ: ನಿಮಗೆ ಬೇಕಾದದ್ದು ಬೇರೆಯವರಿಗೆ ಬೇಡವಾಗಿರಬೇಕು.

ಹಿಟ್ಟು ರುಬ್ಬಿ ಮಾರುವುದರಿಂದ ಶುರು ಮಾಡಿದೆ. ಈಗ ರಬಾಳೆಯ ಎರಡು ಕಾರ್ಖಾನೆಗಳ ಕ್ಯಾಂಟೀನಿಗೆ ಚಪಾತಿ ಹೋಗುವುದು ನಮ್ಮ ಅಡುಗೆಮನೆಯಿಂದ. ನನ್ನ ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ ಸೇರಿ ಕೌಂಟರಿಗೆ ಏರಿದವರು. ಕುಂದಾಪುರದ ಕಡೆಯವರು ನಾವಿಬ್ಬರೂ. ಮನೆ ಕೊಂಡ ವರ್ಷ ಅವರು ಊರಿಗೆ ಹೋಗಿ ಬರುವಾಗ ಎಣ್ಣೆ ಡಬ್ಬಿಯಲ್ಲಿ ಒಂದು ಜೀಗುಜ್ಜೆ ಗಿಡ ತಂದರು, ಕಾಯಿ ಪಲ್ಯಕ್ಕಾಗುವ ಹಲಸಿನ ಜಾತಿಯ ಮರ; ಅವರ ಅಬ್ಬಿ, ಅಂದರೆ ಅಮ್ಮ, ಕೊಟ್ಟದ್ದು. ರೈಲಿನಲ್ಲಿ ಟಿ.ಸಿ. ಅದನ್ನು ಸಾಮಾನಿನ ಲೆಕ್ಕಕ್ಕೆ ಹಿಡಿದು ದಂಡ ಕೇಳಿದನಂತೆ. ಇವರು, “ಸಾಹೇಬ್, ಇದು ಪಲ್ಯ” ಎಂದು ಹೇಳಿ ತಪ್ಪಿಸಿಕೊಂಡರಂತೆ. ಹಿಂದಿನ ಕಸ ತೆಗೆಸಿ, ನಮ್ಮ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ ನೆಟ್ಟರು. ಆಚೆ ಬದಿಯಲ್ಲಿ ನೆಲದೊಳಗಿನ ನೀರಿನ ಟಾಂಕಿ ಇತ್ತು. ಅದನ್ನು ಯಾರೂ ಯೋಚಿಸಲಿಲ್ಲ. ಮೊಣಕಾಲುದ್ದದ ಗಿಡ ನೆಡುವಾಗ ಟಾಂಕಿಯ ಯೋಚನೆ ಯಾರಿಗೆ ಬರುತ್ತದೆ.

ಇಲ್ಲಿಯವರು ಅದಕ್ಕೆ ನೀರಫಣಸ್ ಎನ್ನುತ್ತಾರೆ. ಬಿಲ್ಡಿಂಗಿನ ಮರಾಠಿ ಹೆಂಗಸರು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಕಾಯಿಸುತ್ತಾರೆ. ನಾವು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತೇವೆ, ಹುಳಿ ಮಾಡುತ್ತೇವೆ. ಕಾಯಿ ಬಿಡುವ ತಿಂಗಳಲ್ಲಿ ಮೂರನೇ ಮಾಳಿಗೆಯವರೂ ಮೆಟ್ಟಿಲಿಳಿದು ನಮ್ಮ ಹಿಂಬಾಗಿಲಿಗೆ ಬರುತ್ತಿದ್ದರು. ನಾನು ಮಾರಾಟ ಮಾಡಿದವಳಲ್ಲ. ಹಂಚಿದ್ದಕ್ಕೆ ಬದಲಾಗಿ, ಬೆಳಿಗ್ಗೆ ನಮ್ಮ ಟೆಂಪೋ ಗೇಟಿಗೆ ಅಡ್ಡ ನಿಂತರೂ ಯಾರೂ ಮಾತಾಡುತ್ತಿರಲಿಲ್ಲ. ಅದೂ ಒಂದು ವ್ಯಾಪಾರವೇ.

ಕೆಲವು ವರ್ಷದ ಹಿಂದೆ ಗಂಡನಿಗೆ ಕೌಂಟರಿನಲ್ಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಗಿ ಆಮೇಲೆ ಸ್ವಲ್ಪ ಬಂತು. ಬಂದದ್ದು ಕನ್ನಡ ಮಾತ್ರ. ಹೋಟೆಲಿನಲ್ಲಿ ನಾಲ್ಕು ಭಾಷೆಯಲ್ಲಿ ಗಿರಾಕಿಯನ್ನು ನಗಿಸುತ್ತಿದ್ದ, ಬೈಯುತ್ತಿದ್ದ ಮನುಷ್ಯ. ಹಿಂದಿ, ಮರಾಠಿ ಒರೆಸಿಹಾಕಿದ ಹಾಗೆ ಹೋದವು. ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರ್. ಜೊತೆಯಲ್ಲಿ ಕೆಲಸ ಮಾಡಿದವರು ನೋಡಲು ಬಂದು, “ಕ್ಯಾ ಶೇಟ್, ಕಬ್ ಆತೇ ಹೋ ಕೌಂಟರ್ ಪೆ” ಎಂದು, ಕೌಂಟರಿಗೆ ಯಾವಾಗ ಬರುತ್ತೀರಿ ಎಂದು ಕೇಳಿದರೆ ಇವರು ನನ್ನ ಮುಖ ನೋಡುತ್ತಿದ್ದರು. ಬಂದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಕ್ರಮೇಣ ಬರುವುದನ್ನೇ ಬಿಟ್ಟರು.

ನಮಗೊಬ್ಬಳೇ ಮಗಳು. ಮದುವೆಯಾಗಿ ಸಾನಪಾಡಾದಲ್ಲಿದ್ದಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಚಿಕ್ಕಂದಿನಿಂದ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಟ್ಟು ಸಂಸಾರ ನಡೆದುಹೋಗಿತ್ತು. ಈಗ ಅಪ್ಪನ ಪಕ್ಕ ಕೂತು, “ಪಪ್ಪಾ, ಖಾನಾ ಖಾಯಾ?” ಎನ್ನುತ್ತಾಳೆ. ಅವರು ನನ್ನ ಕಡೆ ತಿರುಗಿ, “ಎಂತ ಹೇಳಿದ್ಲ್?” ಎನ್ನುತ್ತಾರೆ. “ಊಟ ಆಯ್ತಾ ಕೇಂಡ್ಲ್” ಎಂದು ನಾನು ಹೇಳಬೇಕು. ಅಪ್ಪ ಮಗಳ ನಡುವೆ ದುಭಾಷಿ ನಾನು.

ಹೀಗಾಗಿ ಅವರ ಹತ್ತಿರ ಮಾತಿಗೆ ಉಳಿದವರು ಇಬ್ಬರೇ: ನಾನು ಮತ್ತು ಆ ಮರ. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾವಲಿಯ ಮುಂದೆ. ಮರ ಇಡೀ ದಿನ ಎದುರಿಗಿರುತ್ತಿತ್ತು. ಛತ್ರಿಯಷ್ಟಗಲದ ಎಲೆಗಳು, ಅವುಗಳ ಮೇಲೆ ಕಾಗೆ, ಅಳಿಲು. ನಾನು ಕೈ ತೊಳೆದು ಒಳಗೆ ಹೋದಾಗ ಅವರು ವರದಿ ಒಪ್ಪಿಸುತ್ತಿದ್ದರು. “ಒಂದ್ ಕಾಯಿ ಬಿತ್ತ್.” “ಅಳಿಲ್ ಬಂದಿತ್ತ್, ಗಂಡ್.” ಗಂಡೆಂದು ಹೇಗೆ ಗೊತ್ತು ಎಂದು ಕೇಳಿದರೆ, “ಕೆಲ್ಸ ಇಲ್ದೆ ತಿರ್ಗುದ್ ಕಾಣ್” ಎನ್ನುತ್ತಿದ್ದರು. ಆ ಮಾತುಗಳಿಗಾಗಿ ನಾನು ಕೆಲಸದ ನಡುವೆ ಕೈ ತೊಳೆಯುವುದನ್ನು ಹೆಚ್ಚು ಮಾಡಿಕೊಂಡೆ.

ಬೇಸಿಗೆಯ ಮೊದಲು ಟಾಂಕಿ ತೊಳೆಸುವುದು ಸೊಸೈಟಿಯ ವಾಡಿಕೆ. ಈ ಸಲ ಒಳಗಿಳಿದವನು ಮೇಲೆ ಬಂದು, ಗೋಡೆಯಿಂದ ಗಡ್ಡ ಇಳಿದಿದೆ ಎಂದ. ಹೋಗಿ ಟಾರ್ಚ್ ಬಿಟ್ಟು ನೋಡಿದೆ. ನಿಜಕ್ಕೂ ಗಡ್ಡವೇ. ಕಂದು ಬಣ್ಣದ ಸಣ್ಣ ಬೇರುಗಳು ಗೋಡೆಯ ಬಿರುಕಿನಿಂದ ಹೊರಬಂದು ನೀರಿನಲ್ಲಿ ಹರಡಿಕೊಂಡಿದ್ದವು. ನೀರಿನಲ್ಲಿ ಮಣ್ಣಿನ ವಾಸನೆ ಬರುತ್ತಿದೆ ಎಂದು ತಿಂಗಳಿಂದ ದೂರುತ್ತಿದ್ದವರಿಗೆ ಕಾರಣ ಸಿಕ್ಕಿತು. ಆ ಭಾನುವಾರವೇ ಗೇಟಿನ ಬಳಿ ಕುರ್ಚಿ ಹಾಕಿ ಮೀಟಿಂಗ್ ಕರೆದರು.

ಸೆಕ್ರೆಟರಿ ಒಳ್ಳೆಯ ಮನುಷ್ಯ, ನಮ್ಮ ಜೀಗುಜ್ಜೆ ತಿಂದವನೇ. ಆದರೂ ನೇರವಾಗಿ ನನ್ನನ್ನೇ ಕೇಳಿದ. “ವಹಿನಿ, ಝಾಡ್ ಪಾಹಿಜೆ ಕಿ ಪಾಣಿ ಪಾಹಿಜೆ, ಏವಢಂಚ್ ಸಾಂಗಾ.” ಮರ ಬೇಕೋ ನೀರು ಬೇಕೋ, ಇಷ್ಟೇ ಹೇಳಿ ಎಂದು.

“ಎರಡೂ ಬೇಕು ಭಾವೂ” ಎಂದೆ ಮರಾಠಿಯಲ್ಲೇ. “ನೀವು ಅಂಗಡಿಗೆ ಹೋಗಿ ಅಕ್ಕಿ ಬೇಕೋ ಬೇಳೆ ಬೇಕೋ ಅಂತ ಯೋಚನೆ ಮಾಡ್ತೀರಾ?”

ಕೂತವರು ನಕ್ಕರು. ಜನ ನಕ್ಕ ಮೇಲೆ ಅರ್ಧ ಚೌಕಾಸಿ ಮುಗಿದಂತೆ. ನನ್ನ ಖರ್ಚಿನಲ್ಲಿ ಬೇರು ತೆಗೆಸುತ್ತೇನೆ, ಟಾಂಕಿಯ ಗೋಡೆ ಸರಿ ಮಾಡಿಸುತ್ತೇನೆ, ಮರ ಬಿಡಿ ಎಂದೆ. ಮಳೆ ಶುರುವಾಗುವುದರೊಳಗೆ ಆಗಬೇಕು, ಇಲ್ಲವಾದರೆ ಸೊಸೈಟಿಯ ಖರ್ಚಿನಲ್ಲೇ ಮರ ಕಡಿಸಲು ಪಾಲಿಕೆಯ ಪರವಾನಗಿಗೆ ಅರ್ಜಿ ಹಾಕುತ್ತೇವೆ ಎಂದ ಸೆಕ್ರೆಟರಿ. ಒಪ್ಪಿದೆ. ಮೇಲಿನ ಮಾಳಿಗೆಯ ಒಬ್ಬಾಕೆ, “ಅಷ್ಟು ದುಡ್ಡಿಗೆ ಮಾರ್ಕೆಟ್ಟಿನಲ್ಲಿ ಎಷ್ಟು ನೀರಫಣಸ್ ಬರ್ತದೆ ಗೊತ್ತಾ” ಎಂದಳು. ಗೊತ್ತಿತ್ತು. ಗಂಡ ಕೊನೆಯದಾಗಿ ಉಳಿಸಿಕೊಂಡ ನಾಲ್ಕು ಮಾತು ಆ ಕೊಂಬೆಗಳಲ್ಲಿವೆ ಎಂದು ಮೀಟಿಂಗಿನಲ್ಲಿ ಹೇಳಲಾಗುತ್ತದೆಯೇ.

ಮನೆಗೆ ಬಂದು ಅವರಿಗೆ ವಿಷಯ ತಿಳಿಸಿದೆ. “ಹ್ವಾಯ್, ಕೇಂತಾ? ಬೇರು ಟಾಂಕಿಯೊಳಗೆ ಹೋಗಿದೆ. ತೆಗೆಸಬೇಕಂತೆ. ಮರಕ್ಕೆ ಏನೂ ಆಗದ ಹಾಗೆ ತೆಗೆಸುವುದು ಹೇಗೆ?” ಕೇಳಿದ್ದು ಉತ್ತರ ಬರುತ್ತದೆಂದಲ್ಲ; ಎಲ್ಲವನ್ನೂ ಅವರಿಗೆ ಹೇಳುವುದು ನನ್ನ ರೂಢಿ.

ಅವರು ಕಿಟಕಿ ನೋಡಿದರು. ಆಮೇಲೆ ಮಾತಾಡಿದರು. ಲಕ್ವ ಹೊಡೆದ ಮೇಲೆ ಅಷ್ಟು ಉದ್ದ ಅವರು ಮಾತಾಡಿದ್ದು ಅದೇ ಮೊದಲು.

“ಬುಡ ಬಿಡ್ಸ್ಕ್. ಸುತ್ತ ತೆಗಿಕ್. ಒಂದ್ ಬದಿ ಮಾತ್ರ ಸಾಕಾತಿಲ್ಲೆ. ಸುತ್ತ. ಹಳಿ ಬೇರ್ ಕೊಚ್ಚಿ ಬಿಡ್ಕ್. ಉಪ್ಪ್ ಹಾಕ್ಕ್, ಬೂದಿ ಹಾಕ್ಕ್. ಮೇಲೆ ಸೊಪ್ಪ್. ಮುಂದಿನ್ ವರ್ಷ ಹ್ಯಾಂಗ್ ಬತ್ತ್ ಕಾಣ್.”

ನಮ್ಮ ಕಡೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ತೆಂಗಿನ ಮರದ ಸುತ್ತ ಗುಂಡಿ ತೋಡಿ, ಹಳೆಯ ಬೇರು ಕೊಚ್ಚಿ, ಉಪ್ಪು, ಬೂದಿ, ಹಸಿಸೊಪ್ಪು ಹಾಕಿ ಮುಚ್ಚುತ್ತಾರೆ. ಬುಡ ಬಿಡಿಸುವುದು ಎಂದರೆ ಅದು. ಮದುವೆಗೆ ಮುಂಚೆ ನಾನೇ ಬುಟ್ಟಿಯಲ್ಲಿ ಬೂದಿ ಹೊತ್ತವಳು. ಬುಡ ಬಿಡಿಸಿದ ತೆಂಗು ಸೋತದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಬೇರು ಕೊಚ್ಚಿದಷ್ಟೂ ಮರ ಗಟ್ಟಿ ಎಂದು ನಂಬಿ ಬೆಳೆದ ಜನ. ಅವರು ಹೇಳುತ್ತಿದ್ದಾಗ ನಾನು ಮರದ ಬಗ್ಗೆ ಯೋಚಿಸಲೂ ಇಲ್ಲ, ನಿಜ ಹೇಳಬೇಕೆಂದರೆ. ಅವರ ಬಾಯಿಯನ್ನೇ ನೋಡುತ್ತಿದ್ದೆ. ಎಡಗೈಯನ್ನು ಎತ್ತಿ ಗಾಳಿಯಲ್ಲಿ ಗುಂಡಿಯ ಸುತ್ತಳತೆ ತೋರಿಸಿದರು. ಕೆಲಸದ ಬಗ್ಗೆ ತೀರ್ಮಾನ ಹೇಳುವ ಯಜಮಾನ ಮತ್ತೆ ಬಂದು ಕೂತ ಹಾಗಾಯಿತು.

ಮಣ್ಣು ಅಗೆಯುವವರ ಮುಕಾದಮನನ್ನು, ಅಂದರೆ ಮೇಸ್ತ್ರಿಯನ್ನು, ಡೊಂಬಿವಲಿಯಿಂದ ಕರೆಸಿದೆ. ಡ್ರೈನೇಜ್ ಚೇಂಬರ್, ಕೇಬಲ್ ಗುಂಡಿ ಅಗೆಸುವವನು. ಅವನು ಟಾಂಕಿಯ ಬದಿ ಮಾತ್ರ ನೋಡಿ ಒಂದು ರೇಟು ಹೇಳಿದ. ನಾನು ಅದನ್ನು ಕೇಳಿಯೇ ಇಲ್ಲವೆಂಬಂತೆ, ಆ ರೇಟಿಗೆ ನಾಲ್ಕೂ ಬದಿ ಆಗಬೇಕು ಎಂದೆ.

“ಆಂಟಿ, ಇತ್ನೇ ಮೇ ತೋ ಗಮಲಾ ಭೀ ನಹೀ ಖುದತಾ.” ಇಷ್ಟಕ್ಕೆ ಹೂಕುಂಡ ಕೂಡ ಅಗೆಯಲಾಗುವುದಿಲ್ಲ ಎಂದ.

“ಹಾಗಾದರೆ ಹೂಕುಂಡ ಅಗೆಯುವವನನ್ನೇ ಕರೆಸ್ತೇನೆ, ಅವನು ಕಡಿಮೆ ತಗೊಳ್ತಾನೆ” ಎಂದು ಒಳಗೆ ಹೊರಟೆ. ಬಾಗಿಲ ಬಳಿ ಹೋಗುವಷ್ಟರಲ್ಲಿ ಕರೆದ. ಚಹಾ, ಮಧ್ಯಾಹ್ನದ ಚಪಾತಿ ನನ್ನದು; ನಾಲ್ಕೂ ಬದಿಯ ಅಗೆತ ಅವನದು. ಟೆಂಪೋದವನ ಹತ್ತಿರವೂ ಹೀಗೆಯೇ. ಅಂದು ಎಲ್ಲರನ್ನೂ ಇಳಿಸಿದೆ. ನನ್ನ ಬದುಕಿನ ಒಳ್ಳೆಯ ಚೌಕಾಸಿಗಳಲ್ಲಿ ಅದೂ ಒಂದು ಎಂದುಕೊಂಡು ಖುಷಿಪಟ್ಟೆ.

ಮೇ ತಿಂಗಳ ಬಿಸಿಲು. ಗಂಡನ ಮಂಚವನ್ನು ಕಿಟಕಿಗೆ ಒತ್ತಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಅಗೆಯುವವರು ಇಬ್ಬರು. ಮಂಚದಿಂದ ಆಜ್ಞೆ ಕನ್ನಡದಲ್ಲಿ ಹೊರಡುತ್ತಿತ್ತು, ನಾನು ಕಿಟಕಿಯ ಹೊರಗೆ ನಿಂತು ಹಿಂದಿ ಮಾಡುತ್ತಿದ್ದೆ.

“ಇನ್ನೂ ಒಳ್ಗೆ ತೆಗಿ ಅಂದ್ ಹೇಳ್. ಬುಡದ್ ಹತ್ರ.”

“ಔರ್ ಅಂದರ್, ಭೈಯಾ. ಝಾಡ್ ಕೇ ಪಾಸ್.”

“ಆ ದಪ್ಪದ್ ಎಂತಕ್ ಬಿಟ್ಟ?”

“ವೋ ಮೋಟಾವಾಲಾ ಕ್ಯೂ ಛೋಡಾ?”

ಅಗೆಯುವವರಲ್ಲಿ ದೊಡ್ಡವನು ಕಿಟಕಿ ನೋಡಿ, “ಶೇಟ್ ತೋ ಅಂದರ್ ಸೇ ಹೀ ದಾದಾಗಿರಿ ಕರ್ ರಹೇ ಹೈ” ಎಂದು ನಕ್ಕ. ನೀವು ಒಳಗಿಂದಲೇ ದಾದಾಗಿರಿ ಮಾಡುತ್ತೀರಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವರೂ ನಕ್ಕರು. ಬಾಯಿ ಒಂದು ಬದಿಗೆ ಹೋದರೂ ಅದು ನಗುವೇ.

ದಪ್ಪ ಬೇರಿಗೆ ಕೊಡಲಿ ಬಿದ್ದಾಗ ಬಿಳಿ ಹಾಲು ಬಂತು. ಕಾಯಿ ಕೊಯ್ದಾಗಲೂ ಬರುವ ಹಾಲೇ ಅದು, ಅಂಟು. ಗುಂಡಿಯ ಅಂಚಿನಲ್ಲಿ ತೊಟ್ಟಿಕ್ಕಿ ಮಣ್ಣಿನ ಮೇಲೆ ಹೆಪ್ಪಾಯಿತು. ನನಗೆ ಹೊಸತೆನಿಸಲಿಲ್ಲ. ತೆಂಗಿನ ಬೇರಿನಿಂದ ಹಾಲು ಬರುವುದಿಲ್ಲ ಎಂಬುದು ಅಲ್ಲಿ ನಿಂತ ಯಾರಿಗೂ ಹೊಳೆಯಲಿಲ್ಲ. ಸಂಜೆಗೆ ಸುತ್ತ ಗುಂಡಿ ಮುಗಿಯಿತು. ಕಿರಾಣಿ ಅಂಗಡಿಯಿಂದ ಕಲ್ಲುಪ್ಪಿನ ಚೀಲ ತರಿಸಿದ್ದೆ. ಬೂದಿಯನ್ನು ಪರಿಚಯದ ಬೇಕರಿಯವನು ಕೊಟ್ಟಿದ್ದ. ಉಪ್ಪು ಬಿದ್ದಿತು, ಬೂದಿ ಬಿದ್ದಿತು, ಮೇಲೆ ಕೊಂಬೆಯ ಸೊಪ್ಪು. ಕಡಿದ ಬೇರುಗಳನ್ನೆಲ್ಲ ಟೆಂಪೋದವನು ಹೊತ್ತೊಯ್ದ. ಆ ರಾತ್ರಿಯ ಊಟವನ್ನು ಅವರು ಎಡಗೈಯಿಂದ ತಾವೇ ಮಾಡಿದರು. ಮಗಳಿಗೆ ಫೋನ್ ಮಾಡಿ ಹೇಳಿದೆ. “ಸಚ್ ಮೇ?” ಎಂದು ಕೇಳಿದಳು, ನಂಬಲಾರದೆ.

ಟಾಂಕಿಯ ಗೋಡೆ ಸರಿಯಾಯಿತು. ನೀರಿನ ವಾಸನೆ ಹೋಯಿತು. ಸೆಕ್ರೆಟರಿ ಬಂದು ಕೈ ಮುಗಿದು ಹೋದ.

ಎಲೆಗಳು ಮೊದಲು ಜೋತುಬಿದ್ದವು. ಬಿಸಿಲಿಗೆ ಎಂದುಕೊಂಡು ಬಕೆಟ್‌ಗಟ್ಟಲೆ ನೀರು ಹಾಕಿದೆ. ಆ ನೀರು ಉಪ್ಪನ್ನು ಕರಗಿಸಿ ಕೆಳಗೆ ಕೊಂಡೊಯ್ಯುತ್ತಿತ್ತು. ಆಮೇಲೆ ಅಂಚು ಸುಟ್ಟ ಹಾಗೆ ಕಂದಾಯಿತು. ಮಿಡಿಗಳು ಉದುರಿದವು. ದಿನಾ ಬೆಳಿಗ್ಗೆ ನಾನು ಬಿದ್ದ ಎಲೆಗಳನ್ನು ಅವರು ಏಳುವುದರೊಳಗೆ ಗುಡಿಸಿ ಕಂಪೌಂಡಿನ ಮೂಲೆಗೆ ಒಯ್ಯುತ್ತಿದ್ದೆ. ಆದರೆ ಕೊಂಬೆ ಬರಿದಾಗುವುದನ್ನು ಗುಡಿಸಲಾಗುವುದಿಲ್ಲವಲ್ಲ.

“ಹೊಸ ಬೇರ್ ಬರ್ಕ್. ಅಲ್ಲಿವರೆಗೆ ಹೀಂಗೆ” ಎಂದರು ಅವರು. ಕೆಲವು ದಿನ ಕಳೆದು ಮತ್ತೆ ಅದನ್ನೇ ಹೇಳಿದರು. ಆಮೇಲೆ ಹೇಳುವುದನ್ನು ಬಿಟ್ಟರು.

ಸಾನಪಾಡಾದಲ್ಲಿ ಮಗಳ ಮನೆಯ ಹತ್ತಿರ ಒಂದು ನರ್ಸರಿ ಇದೆ. ಸಾಲಾಗಿ ಕುಂಡ, ಗೊಬ್ಬರದ ಚೀಲ, ಮೇಜಿನ ಮೇಲೆ ಕ್ಯೂಆರ್ ಕೋಡ್. ಮಾಲೀಕ ಜೋರಿನ ಮನುಷ್ಯ, ಗಿರಾಕಿಗೆ ಕೂರಲು ಕುರ್ಚಿ ಕೊಡದವನು. ಮಗಳು ಮೊಬೈಲಿನಲ್ಲಿ ಮರದ ಫೋಟೋ ತೋರಿಸಿದಳು. ಅವನು ಹಿಗ್ಗಿಸಿ ನೋಡಿದ.

“ಚಾರೋ ತರಫ್ ಸೇ ಕಾಟಾ?”

ನಾಲ್ಕೂ ಬದಿ ಕಡಿಸಿದ್ದು ಹೌದೆಂದೆ.

“ಕಿತ್ನಾ ದೂರ್ ಸೇ?”

ಬುಡದಿಂದ ಇಷ್ಟೇ ದೂರ ಎಂದು ನಾನು ಮಂಡಿಯಿಂದ ಪಾದದವರೆಗೆ ಕೈಯಲ್ಲಿ ತೋರಿಸಿದೆ. ಉಪ್ಪು ಹಾಕಿದ್ದನ್ನೂ ಹೇಳಿದೆ. ಅವನಿಗೆ ನಗು ಬಂತು. ಮಗಳ ಮುಖ ನೋಡಿ ಅದನ್ನು ನುಂಗಿಕೊಂಡ. ತೆಂಗಿಗೆ ಬುಡದಿಂದ ಹೊರಡುವುದು ನೂರಾರು ಹಗ್ಗದಂಥ ಬೇರು, ಕಡಿದರೆ ಹೊಸತು ಬರುತ್ತಲೇ ಇರುತ್ತದೆ ಎಂದು ವಿವರಿಸಿದ. ಇದಕ್ಕೆ ಹಾಗಲ್ಲ, ತೋಳಿನಂಥ ನಾಲ್ಕಾರು ಬೇರು; ಮರವನ್ನು ಹಿಡಿದಿರುವುದೂ ಅವೇ, ಕುಡಿಸುವುದೂ ಅವೇ. ಅವು ಹೋದರೆ ಹೋದವು. “ನೀವು ಅದನ್ನು ನೆಲದ ಮೇಲೆ ಇಟ್ಟಿದ್ದೀರಿ, ಅಷ್ಟೇ” ಎಂದ ಹಿಂದಿಯಲ್ಲಿ. ಆಮೇಲೆ ಕಡಿದ ಬೇರುಗಳೆಲ್ಲಿ ಎಂದು ಕೇಳಿದ. ಟೆಂಪೋಗೆ ಹಾಕಿ ಕಳಿಸಿದೆ ಎಂದೆ. “ಅರೇ, ಇದು ಹುಟ್ಟುವುದೇ ಬೇರಿನ ತುಂಡಿನಿಂದ. ಒಂದು ಗೇಣು ಬೇರು ಮರಳಿನಲ್ಲಿ ಇಟ್ಟಿದ್ದರೆ ಸಾಕಿತ್ತು.”

ಇಡೀ ಟೆಂಪೋ ತುಂಬ ಕಳಿಸಿದ್ದೆ. ಬಾಡಿಗೆಯಲ್ಲಿ ಎಷ್ಟು ಇಳಿಸಿದೆ ಎಂದು ಅಂದು ಮಗಳಿಗೆ ಹೇಳಿಕೊಂಡಿದ್ದೆ ಬೇರೆ.

ಕೊನೆಗೆ ಅವನು ಬೇರಿಗೆ ಹಾಕುವ ಔಷಧವೆಂದು ಒಂದು ಬಾಟಲಿ ತೋರಿಸಿದ. ಉಪಯೋಗವಿಲ್ಲವೆಂದು ಅವನ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅವನು ಹೇಳಿದ ಬೆಲೆಯನ್ನು ಕೊಟ್ಟು ತೆಗೆದುಕೊಂಡೆ. ಮಗಳು ನನ್ನನ್ನೇ ನೋಡಿದಳು. ಅಂಗಡಿಯವನು ಹೇಳಿದ ಬೆಲೆಯನ್ನೇ ನಾನು ಕೊಟ್ಟದ್ದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ವಾಶಿಯವರೆಗೆ ಅವಳೊಂದಿಗೆ ರಿಕ್ಷಾದಲ್ಲಿ ಹೋದೆ. ಇಳಿಯುವಾಗ ಅವಳು, “ಪಪ್ಪಾ ಕೋ ಮತ್ ಬತಾನಾ” ಎಂದಳು. ಅಪ್ಪನಿಗೆ ಹೇಳಬೇಡ ಎಂದು. ಹೇಳುವುದಿದ್ದರೂ ಹೇಳಬೇಕಾದವಳು ನಾನೊಬ್ಬಳೇ.

ಮಳೆ ಹಿಡಿಯಿತು. ಜುಲೈನ ಒಂದು ಗಾಳಿಯ ಮಧ್ಯಾಹ್ನ, ನಾನು ಹಿಟ್ಟು ನಾದುತ್ತಿರುವಾಗ, ಹಿಂದೆ ನೆಲ ಗುರ್ ಎಂದ ಸದ್ದಾಯಿತು. ಹೋಗಿ ನೋಡಿದರೆ ಮರ ಟಾಂಕಿಯ ಕಡೆಗೆ ವಾಲಿತ್ತು. ಬುಡದ ಒಂದು ಬದಿಯ ಮಣ್ಣು ಮುಚ್ಚಳದ ಹಾಗೆ ಎದ್ದಿತ್ತು. ಕೆಳಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕಡಿದ ತುದಿಗಳು ಕಪ್ಪಾಗಿ ಕೊಳೆತಿದ್ದವು. ಒಂದೇ ಒಂದು ಹೊಸ ಬೇರಿನ ಮೊಳಕೆ ಕಾಣುತ್ತದೇನೋ ಎಂದು ಮಳೆಯಲ್ಲೇ ಕೂತು ಕೈ ಹಾಕಿ ಹುಡುಕಿದೆ. ಇರಲಿಲ್ಲ.

ಸೆಕ್ರೆಟರಿ ಹಗ್ಗ ಕಟ್ಟಿಸಿದ. ಮಕ್ಕಳು ಆಡುವ ಜಾಗ, ಇನ್ನು ಕಾಯುವ ಹಾಗಿಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪಾಲಿಕೆಯಿಂದ ಬಂದವರು ನೋಡಿದರು, ಅಪಾಯದ ಮರ ಎಂದು ಬರೆದುಕೊಂಡರು, ಕಡಿಯಲು ಪರವಾನಗಿ ಸಿಕ್ಕಿತು. ಖರ್ಚು ಸೊಸೈಟಿಯದ್ದು. ಮೊದಲು ಹೇಳಿದ ಹಾಗೆಯೇ.

ಕಡಿಯುವವರು ಬರುವ ಹಿಂದಿನ ದಿನ ನಾನು ಗಂಜಿ ತಿನ್ನಿಸುತ್ತಿದ್ದೆ. ಅವರು ಚಮಚವನ್ನು ಎಡಗೈಯಿಂದ ತಡೆದರು.

“ಅದ್ ತೆಂಗಲ್ಲ. ಅಲ್ದಾ?”

ಅವರ ಕಣ್ಣು ಕಿಟಕಿಯ ಕಡೆ ಇರಲಿಲ್ಲ, ನನ್ನ ಮೇಲಿತ್ತು. ಜೀವನವಿಡೀ ಎದುರಿನವನ ಮುಖ ನೋಡಿ ಬೆಲೆ ಹೇಳಿದವಳು ನಾನು. ಅಂದು ನನ್ನ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಈ ವರ್ಷ ಗಾಳಿ ಹೆಚ್ಚು. ಎಲ್ಲ ಕಡೆ ಬಿದ್ದಿದ್ದಾವೆ ಮರ” ಎಂದೆ.

ಅವರು ಕೈ ತೆಗೆದರು. ಗಂಜಿ ಕುಡಿದರು. ಮುಗಿದ ಮೇಲೆ, “ಮಂಚ ಆಚೆ ತಿರ್ಗ್ಸ್” ಎಂದರು. ಎಲ್ಲಿಗೆ ಎಂದು ಕೇಳಿದೆ. ಗೋಡೆ ತೋರಿಸಿದರು. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಇಬ್ಬರು ಹೆಂಗಸರನ್ನು ಕರೆದು ಮಂಚವನ್ನು ತಿರುಗಿಸಿದೆ.

ಮರುದಿನ ಯಂತ್ರದ ಗರಗಸ ಬಂತು. ಕೆಲಸ ಬೇಗ ಮುಗಿಯಿತು. ಜೀಗುಜ್ಜೆ ಮೆತ್ತನೆಯ ಮರ. ಕೆಲವು ವಾರಗಳಲ್ಲಿ ಅಲ್ಲಿ ಸಿಮೆಂಟಿನ ಬ್ಲಾಕು ಹಾಸಿ ಎರಡು ಚಕ್ರದ ಗಾಡಿಗಳಿಗೆ ಜಾಗ ಮಾಡಿದರು. ಕೋಣೆಯಲ್ಲಿ ಬೆಳಕು ಹೆಚ್ಚಾಗಿದೆ, ಸೆಕೆಯೂ ಹೆಚ್ಚಾಗಿದೆ. ನಾನು ಈಗಲೂ ಕೆಲಸದ ನಡುವೆ ಕೈ ತೊಳೆದು ಒಳಗೆ ಹೋಗುತ್ತೇನೆ. ಅವರು ಗೋಡೆ ನೋಡುತ್ತಿರುತ್ತಾರೆ. ಊಟ, ನೀರು, ಸಾಕು, ಇವಿಷ್ಟು ಮಾತಿವೆ. ವರದಿ ಇಲ್ಲ. ಡಾಕ್ಟರ್, ಇಂಥ ರೋಗಿಗಳು ನಡುವೆ ಹೀಗೆ ಕುಸಿಯುತ್ತಾರೆ, ಮತ್ತೆ ಬಂದರೂ ಬರಬಹುದು ಎಂದರು. ಅವರ ಧ್ವನಿಯೂ ನರ್ಸರಿಯವನು ಬಾಟಲಿ ಕೊಡುವಾಗಿನ ಧ್ವನಿಯೇ.

ಇದನ್ನು ಓದುವವರಲ್ಲಿ ಯಾರಾದರೂ ಮರದ ಬೇರು ತೆಗೆಸುವುದರಲ್ಲಿದ್ದರೆ ನನ್ನ ಮಾತು ಕೇಳಿ. ನನಗೆ ಉಪಯೋಗಕ್ಕೆ ಬರದಿದ್ದರೂ ನಿಮಗೆ ಬಂದೀತು.

ಮೊದಲು ಅದು ಯಾವ ಮರವೆಂದು ತಿಳಿದುಕೊಳ್ಳಿ, ಆ ಮರವನ್ನೇ ಬೆಳೆಸಿದವರನ್ನು ಕೇಳಿ. ತೆಂಗು, ಅಡಿಕೆಯ ಬುದ್ಧಿ ಮಾವು, ಹಲಸು, ಜೀಗುಜ್ಜೆಗೆ ನಡೆಯುವುದಿಲ್ಲ. ತೊಂದರೆ ಕೊಡುವ ಬೇರು ಯಾವುದು ಎಂದು ತೊಂದರೆ ಇರುವ ಜಾಗದಿಂದ ಹಿಂದಕ್ಕೆ ಹುಡುಕುತ್ತ ಬನ್ನಿ, ಮರದ ಬುಡದಿಂದ ಶುರು ಮಾಡಬೇಡಿ. ಕೈಯಿಂದ, ಸಣ್ಣ ಗುದ್ದಲಿಯಿಂದ ಮಣ್ಣು ಬಿಡಿಸಲಿ. ಬುಡದಿಂದ ಎಷ್ಟು ದೂರದಲ್ಲಿ ಕಡಿಯುತ್ತೀರೋ ಅಷ್ಟು ಒಳ್ಳೆಯದು. ಕಾಂಡದ ದಪ್ಪದ ಐದಾರು ಪಟ್ಟು ದೂರವಾದರೂ ಬಿಡಿ. ಮಣಿಕಟ್ಟಿಗಿಂತ ದಪ್ಪನೆಯ ಬೇರಿಗೆ ಕೈ ಹಾಕುವ ಮೊದಲು ತಿಳಿದವರನ್ನು ಕರೆಸಿ. ಒಂದು ವರ್ಷಕ್ಕೆ ಒಂದೇ ಬದಿ. ಅದೇ ರೇಟಿಗೆ ನಾಲ್ಕೂ ಬದಿ ಮಾಡಿಕೊಡುತ್ತೇನೆ ಎಂದರೂ ಬೇಡವೆನ್ನಿ.

ಕೊಡಲಿಯಿಂದ ಜಜ್ಜಿಸಬೇಡಿ, ಗರಗಸದಿಂದ ನುಣುಪಾಗಿ ಕೊಯ್ಯಿಸಿ. ತೆರೆದ ಬೇರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಅದೇ ದಿನ ಅದೇ ಮಣ್ಣಿನಿಂದ ಮುಚ್ಚಿ. ಉಪ್ಪು, ಸುಣ್ಣ, ಬೂದಿ ಏನೂ ಬೇಡ, ನೀರು ಸಾಕು. ಬೇಸಿಗೆಯ ನಡುವೆ ಮಾಡಿಸಬೇಡಿ, ಗಾಳಿಮಳೆ ಎದುರಿಗಿರುವಾಗಲೂ ಬೇಡ. ಮಳೆ ಮುಗಿದು ತಂಪು ಶುರುವಾಗುವಾಗ ಮಾಡಿಸಿ. ಸೊಸೈಟಿ ಗಡುವು ಕೊಟ್ಟರೆ ಬೇರಿನ ರೇಟಿಗೆ ಜಗಳ ಮಾಡುವ ಬದಲು ಆ ಗಡುವಿಗೆ ಜಗಳ ಮಾಡಿ, ನಾಲ್ಕು ತಿಂಗಳು ಗಿಟ್ಟಿಸಿಕೊಳ್ಳಿ. ಟಾಂಕಿಗೂ ಮರಕ್ಕೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಿಲ್ಲಿಸಿ ಹೂಳಿಸಿದರೆ ಬೇರು ಮತ್ತೆ ಆ ಕಡೆ ಸುಲಭಕ್ಕೆ ಬರುವುದಿಲ್ಲ. ಜೀಗುಜ್ಜೆಯಾದರೆ ಕಡಿದ ಬೇರಿನ ಒಂದು ಗೇಣು ತುಂಡನ್ನು ಟೆಂಪೋ ಬರುವ ಮೊದಲೇ ತೆಗೆದಿಟ್ಟು ಮರಳಿನಲ್ಲಿ ಮಲಗಿಸಿ.

ಇಷ್ಟು ಮಾಡಿಯೂ ಮರ ಹೋಯಿತು ಎನ್ನಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಕಡಿಯುವ ದಿನ ಅವರನ್ನು ಅಲ್ಲಿ ಇಟ್ಟುಕೊಳ್ಳಬೇಡಿ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ನೆಂಟರ ಮನೆಗೋ ದೇವಸ್ಥಾನಕ್ಕೋ ಸಂಜೆಯವರೆಗೆ ಕರೆದೊಯ್ಯಿರಿ. ಮಂಚವನ್ನು ಮೊದಲೇ ಬೇರೆ ಕೋಣೆಗೆ ಹಾಕಿಸಿ, ರಸ್ತೆ ಕಾಣುವ ಕಡೆಗೆ. ತಿರುಗಿಸು ಎಂದು ಅವರು ಹೇಳುವವರೆಗೆ ಕಾಯಬೇಡಿ.